ಪಾರ್ಕಿನ ಮೂಲೆಗೆ ಯಾವ ಗಿಡ? ಕ್ರಿಸ್‌ಮಸ್ ಟ್ರೀನೋ ಕಕ್ಕೆನೋ

ಸಂಘದ ಕಾರ್ಯದರ್ಶಿ, ಸೋಮವಾರ ಬೆಳಗ್ಗೆ 7:10
ಎಲ್ಲರಿಗೂ ನಮಸ್ಕಾರ. ಗಾಳಿ ಮಳೆಗೆ ಬಿದ್ದ ಗುಲ್‌ಮೊಹರ್‌ನ ಕೊನೆಯ ದಿಮ್ಮಿಯೂ ನಿನ್ನೆ ಸಾಗಿತು. ಪಾರ್ಕಿನ ಉತ್ತರದ ಮೂಲೆ ಈಗ ಬೋಳು. ಕಲ್ಲು ಬೆಂಚಿನ ಮೇಲೆ ಹತ್ತು ಗಂಟೆಗೇ ಕೂರಲು ಆಗುತ್ತಿಲ್ಲ. ಮಳೆ ಹಿಡಿಯುವ ಮೊದಲು ಅಲ್ಲಿ ಏನು ನೆಡಬೇಕು ಅಂತ ತೀರ್ಮಾನ ಆಗಬೇಕು. ಮಹಡಿ ಮನೆ ಅಣ್ಣ ಎರಡು ಕ್ರಿಸ್‌ಮಸ್ ಟ್ರೀ ಕೊಡಿಸುತ್ತೇನೆ ಅಂದಿದ್ದಾರೆ. ಭಾನುವಾರದೊಳಗೆ ಎಲ್ಲರೂ ಹೇಳಿ. ಈ ವಾರ ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ, ವಿಷಯ ಮೇಲೆ ಹೋಗಿಬಿಡುತ್ತದೆ.

ಮಹಡಿ ಮನೆ, 7:32
ನನ್ನ ಲೆಕ್ಕ ಸರಳ. ವರ್ಷಪೂರ್ತಿ ಹಸಿರು, ಎಲೆ ಉದುರುವುದಿಲ್ಲ, ನೆಟ್ಟಗೆ ಬೆಳೆಯುತ್ತದೆ, ನೋಡಲೂ ಚಂದ. ಹೋದ ವರ್ಷ ಗುಲ್‌ಮೊಹರ್ ಎಲೆ ಚರಂಡಿಗೆ ಕಟ್ಟಿ ನೀರು ನಮ್ಮ ಗೇಟಿಗೆ ಬಂದಾಗ ಕೂಲಿಯವರನ್ನು ಕರೆಸಿ ತೆಗೆಸಿದ್ದು ನಾನೇ. ಆಗ ಈ ಗುಂಪಿನಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿದ್ದಿರಿ, ಅಷ್ಟೇ. ಮತ್ತೆ ಹೂವಿನ ಮರ ಅಂದರೆ ನಾನು ಒಪ್ಪುವುದಿಲ್ಲ.

ಪಾರ್ಕ್ ಎದುರು ಮನೆ, 7:50
ಅಣ್ಣ, ಚರಂಡಿ ವಿಷಯ ನಿಜ. ಆದರೆ ಮರ ಬಿದ್ದಾಗ ವೈರ್ ಹರಿದುಕೊಂಡು ಬಂದಿದ್ದು ನಮ್ಮ ಕಾಂಪೌಂಡ್ ಮೇಲೆ. ಎರಡು ದಿನ ಕರೆಂಟ್ ಇರಲಿಲ್ಲ, ಅತ್ತೆಗೆ ಫ್ಯಾನ್ ಇಲ್ಲದೆ ನಿದ್ದೆ ಇಲ್ಲ. ನನಗೆ ಹೂವೂ ಬೇಡ, ಹಸಿರೂ ಬೇಡ. ಬೀಳದ ಗಿಡ ಬೇಕು.

ನಲ್ಲಿ ಮೂಲೆ ಮನೆ, 8:05
ಸುಮ್ನೆ ಗಾಳಿ ಮರ ಹಾಕಿ. ಅದೂ ಕ್ರಿಸ್‌ಮಸ್ ಟ್ರೀ ಜಾತಿನೇ ಅಲ್ವಾ? ನಮ್ಮ ಕಡೆ ಹೇಗೂ ಬರುತ್ತೆ.

ಮೇಷ್ಟ್ರು, ಒಂದನೇ ಕ್ರಾಸ್, 10:40
ಬ್ಯಾಂಕಿಗೆ ಹೋಗಿದ್ದೆ, ತಡವಾಯಿತು. ಮೊದಲು ಗಾಳಿ ಮರದ ವಿಷಯ. ನೋಡಲು ಸೂಜಿ ಎಲೆ, ಆದರೆ ಅದು ಪೈನ್ ಜಾತಿಯಲ್ಲ. ಹೂ ಬಿಡುವ ಮರವೇ. ಒಂದು ಎಳೆ ಹಿಡಿದು ಎರಡೂ ಕಡೆಯಿಂದ ಎಳೆಯಿರಿ, ಗಂಟು ಗಂಟಿಗೆ ಕಳಚಿ ಬರುತ್ತದೆ. ನಾವು ಎಲೆ ಅನ್ನುವುದು ಅಲ್ಲಿ ಸಣ್ಣ ಕಡ್ಡಿ. ನಿಜವಾದ ಎಲೆ ಆ ಗಂಟಿನ ಸುತ್ತ ಹಲ್ಲಿನ ಹಾಗೆ ಇರುತ್ತದೆ, ಕಣ್ಣು ಕಿರಿದು ಮಾಡಿ ನೋಡಬೇಕು.

ಈಗ ಕ್ರಿಸ್‌ಮಸ್ ಟ್ರೀ. ನರ್ಸರಿಯವರು ಆ ಹೆಸರಲ್ಲಿ ಮಾರುವುದು ಅರೌಕೇರಿಯಾ. ಅದರಲ್ಲಿ ಎರಡು ಬಗೆ ಹೆಚ್ಚು ಸಿಗುತ್ತವೆ. ಒಂದು ನಾರ್ಫೋಕ್ ದ್ವೀಪದ್ದು, ಇನ್ನೊಂದು ನ್ಯೂ ಕ್ಯಾಲೆಡೋನಿಯಾದ್ದು, ಕುಕ್ ಪೈನ್ ಅಂತಾರೆ. ಎರಡೂ ಪೆಸಿಫಿಕ್ ಸಾಗರದ ನಡುವಿನವು. 1774ರಲ್ಲಿ ಕ್ಯಾಪ್ಟನ್ ಕುಕ್ ನಾರ್ಫೋಕ್ ದ್ವೀಪ ಕಂಡಾಗ ಈ ಮರ ನೋಡಿ ಹಡಗಿನ ಪಟಸ್ತಂಭಕ್ಕೆ ಸರಿ ಅಂದುಕೊಂಡ. ಆಮೇಲೆ ನೋಡಿದರೆ ಅದಕ್ಕೆ ಬೇಕಾದ ಗಟ್ಟಿತನ ಇರಲಿಲ್ಲ. ಸಮುದ್ರದ ಗಾಳಿಗೆ ಅದು ಜಗ್ಗುವುದಿಲ್ಲ, ಆದ್ದರಿಂದ ಗಾಳಿಗೆ ಬೀಳುತ್ತದೆ ಅಂತ ನಾನು ಹೇಳುವುದಿಲ್ಲ. ತೊಂದರೆ ಬೇರೆ. ಅದು ತೇವದ ಗಾಳಿ, ನಮ್ಮದು ಒಣ ಗಾಳಿ. ಗುಡ್ಡದ ಮೇಲೆ ಸುಮ್ಮನೆ ಗಾಳಿಯಂತ್ರ ನಿಲ್ಲಿಸಿದ್ದಾರಾ? ಏಪ್ರಿಲ್ ಬಿಸಿಲಿನಲ್ಲಿ ಎಳೇ ಗಿಡದ ಕೆಳಗಿನ ರೆಂಬೆ ಕಂದು ತಿರುಗಿದರೆ ಮತ್ತೆ ಚಿಗುರುವುದಿಲ್ಲ, ಬುಡ ಬೋಳಾಗಿಯೇ ಉಳಿಯುತ್ತದೆ.

ಅದಕ್ಕಿಂತ ದೊಡ್ಡದು, ತಲೆ ಎತ್ತಿ ನೋಡಿ. ಉತ್ತರದ ಮೂಲೆಯ ಮೇಲೇ ಲೈನ್ ಹೋಗಿದೆ. ಅರೌಕೇರಿಯಾ ತನ್ನೂರಲ್ಲಿ 50 ಮೀಟರ್ ದಾಟುತ್ತದೆ. ಇಲ್ಲಿ ಅದರ ಕಾಲು ಭಾಗ ಬೆಳೆದರೂ ವೈರ್ ಮುಟ್ಟುತ್ತದೆ. ಲೈನ್‌ಮ್ಯಾನ್ ಬಂದು ತಲೆ ಕತ್ತರಿಸುತ್ತಾನೆ, ಅವನ ಕೆಲಸ ಅದು. ಹೊಂಗೆ ಕತ್ತರಿಸಿದರೆ ಪಕ್ಕದಲ್ಲಿ ಒಡೆದು ಮತ್ತೆ ತುಂಬಿಕೊಳ್ಳುತ್ತದೆ. ಇದರ ನೆತ್ತಿ ಹೋದರೆ ಆ ಗೋಪುರದ ಆಕಾರವೇ ಹೋಯಿತು. ಚಂದಕ್ಕೆ ಅಂತ ತಂದ ಗಿಡ, ಮೊಂಡು ಕಂಬ. ಬೇಡ ಅಂತ ಆಮೇಲೆ ತೆಗೆಯಲು ಹೋದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅನುಮತಿಗೆ ಅಲೆಯಬೇಕು.

ಇನ್ನೊಂದು ಮಜಾ. ಕುಕ್ ಪೈನ್ ಎಲ್ಲೇ ನೆಟ್ಟರೂ ಸಮಭಾಜಕ ವೃತ್ತದ ಕಡೆಗೇ ವಾಲುತ್ತದಂತೆ. 2017ರಲ್ಲಿ ಐದು ಖಂಡಗಳ 256 ಮರ ಅಳೆದು ನೋಡಿದ್ದಾರೆ, ಸರಾಸರಿ ಎಂಟೂವರೆ ಡಿಗ್ರಿ. ನಮಗೆ ಅದು ದಕ್ಷಿಣ. ಪಾರ್ಕಿನ ದಕ್ಷಿಣಕ್ಕೆ ಯಾರ ಮನೆ ಇದೆ ಅಂತ ನಾನು ಹೇಳಬೇಕಾಗಿಲ್ಲ.

ಮಹಡಿ ಮನೆ, 10:58
ಮೇಷ್ಟ್ರೇ, ನನ್ನ ದುಡ್ಡಲ್ಲಿ ಗಿಡ ತಂದು ನನ್ನ ಮನೆ ಮೇಲೇ ಬಾಗಿಸುತ್ತೀರಲ್ಲ! ಲಾಲ್‌ಬಾಗ್‌ನಲ್ಲಿ ನೆಟ್ಟಗೆ ನಿಂತಿದ್ದು ನೋಡಿದ್ದೇನೆ.

ಮೇಷ್ಟ್ರು, 11:15
ಬೆಂಗಳೂರಿನ ಮಳೆ ನಮಗೆ ಎಲ್ಲಿ ಬರಬೇಕು? ಅಲ್ಲಿ 240 ಎಕರೆ ಜಾಗದಲ್ಲಿ ಒಂದು ಮರ ಬಾಗಿದರೆ ಯಾರಿಗೆ ಗೊತ್ತಾಗುತ್ತದೆ ಬಿಡಿ. ನಮ್ಮ ಪಾರ್ಕ್ ನಾಲ್ಕು ಸೈಟಿನಷ್ಟು.

ಪಾರ್ಕ್ ಎದುರು ಮನೆ, 11:40
ಹಾಗಾದರೆ ಕಕ್ಕೆ ಹಾಕೋಣ ಮೇಷ್ಟ್ರೇ. ಯುಗಾದಿ ಆದ ಮೇಲೆ ಮೈತುಂಬ ಹಳದಿ. ನಮ್ಮ ಅಮ್ಮನ ಊರಲ್ಲಿ ಕುರುಚಲು ಗುಡ್ಡದಲ್ಲಿ ನೀರು ಹಾಕುವವರಿಲ್ಲದೆ ಬೆಳೆದಿದೆ.

ಮೇಷ್ಟ್ರು, 12:20
ಕಕ್ಕೆಗೆ ನಾನೂ ಸೈ. ಆದರೆ ಒಂದು ಮಾತು ಮುಚ್ಚಿಡಬಾರದು. ಹೂ ಬರುವ ಹೊತ್ತಿಗೆ ಎಲೆ ಇರುವುದಿಲ್ಲ. ನೆರಳು ಬೇಕಾದ ಏಪ್ರಿಲ್‌ನಲ್ಲೇ ಬರೀ ರೆಂಬೆ. ಆಮೇಲೆ ಮೊಳದುದ್ದ ಕಾಯಿ, ಕಪ್ಪಗೆ, ಗಾಳಿಗೆ ಗಿಲಕಿ ಹಾಗೆ ಸದ್ದು. ಮಕ್ಕಳು ಅದನ್ನೇ ಕತ್ತಿ ಮಾಡಿಕೊಂಡು ಹೊಡೆದಾಡುತ್ತಾರೆ. ತಿರುಳು ತಿಂದರೆ ಭೇದಿ, ಅದನ್ನೂ ಹೇಳಿಡಿ. ಬೆಂಚಿನ ನೆರಳಿಗೆ ಹೊಂಗೆಯೇ ಸರಿ. ಅದೂ ಎಲೆ ಉದುರಿಸುತ್ತದೆ, ಆದರೆ ಬಿಸಿಲು ಏರುವ ಹೊತ್ತಿಗೆ ತಿಳಿ ಹಸಿರು ಚಿಗುರು ತುಂಬಿರುತ್ತದೆ.

ನಲ್ಲಿ ಮೂಲೆ ಮನೆ, 12:31
ವೈರ್ ಕೆಳಗೆ?

ಮೇಷ್ಟ್ರು, 12:34
ಪಾರಿಜಾತ. ಎತ್ತರ ಜಾಸ್ತಿ ಹೋಗುವುದಿಲ್ಲ, ಕತ್ತರಿಸಿದರೂ ಬೇಜಾರಿಲ್ಲ.

ಪಾರ್ಕ್ ಎದುರು ಮನೆ, 12:36
ಆಯ್ಸಿದ ಹೂ ಯಾರ ದೇವರಿಗೆ ಅಂತ ಈಗಲೇ ಬರೆದಿಡಿ. ನಮ್ಮ ಅತ್ತೆ ಐದು ಗಂಟೆಗೇ ಬುಟ್ಟಿ ಹಿಡಿದು ಹೋಗುತ್ತಾರೆ.

ಕಾರ್ಯದರ್ಶಿ, ಸಂಜೆ 6:15
ಒಂದು ಪ್ರಶ್ನೆ ಉಳಿಯಿತು. ಬಿದ್ದ ಗುಲ್‌ಮೊಹರ್‌ನ ಬುಡ ನೋಡಿದಿರಾ? ಬೇರು ರೊಟ್ಟಿ ಹೆಂಚಿನ ಹಾಗೆ ಅಗಲಕ್ಕೆ ಹರಡಿತ್ತು, ಕೆಳಗೆ ಮೊಳದಷ್ಟೂ ಇಳಿದಿರಲಿಲ್ಲ. ನೀವು ಯಾವ ಗಿಡ ಹಾಕಿದರೂ ಹೀಗೇ ಆದರೆ?

ಮೇಷ್ಟ್ರು, 6:50
ಸರಿಯಾದ ಪ್ರಶ್ನೆ. ಅದು ಬರೀ ಮರದ ತಪ್ಪಲ್ಲ, ನಮ್ಮದೂ ಇದೆ. ಒಂದಡಿ ಗುಂಡಿ ತೋಡಿ ನೆಟ್ಟಿದ್ದೆವು. ದಿನಾ ಮೇಲೆ ಮೇಲೆ ಒಂದು ಕೊಡ ನೀರು. ಬೇರಿಗೆ ಕೆಳಗಿಳಿಯುವ ಅಗತ್ಯವೇ ಬರಲಿಲ್ಲ. ಈ ಸಲ ಮೂರಡಿ ಅಗಲ, ಮೂರಡಿ ಆಳ. ತೋಡಿದ ಸಂಜೆ ನಾಲ್ಕು ಕೊಡ ನೀರು ಸುರಿದು ಬಿಡಿ. ಬೆಳಗ್ಗೆಯೂ ನಿಂತಿದ್ದರೆ ಕೆಳಗೆ ಬಂಡೆ ಅಂತ ಅರ್ಥ, ಗುಂಡಿ ಪಕ್ಕಕ್ಕೆ ಸರಿಸಬೇಕು. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಎರಡು ಬೊಗಸೆ ಬೇವಿನ ಹಿಂಡಿ. ಆಷಾಢದ ಗಾಳಿ ಪಶ್ಚಿಮದಿಂದ, ಆ ಕಡೆಗೇ ಗೂಟ. ಬಿಗಿಯಬೇಡಿ, ಹಳೆ ಸೈಕಲ್ ಟ್ಯೂಬಿನಲ್ಲಿ ಎಂಟರ ಆಕಾರಕ್ಕೆ ಸಡಿಲವಾಗಿ ಕಟ್ಟಿ, ಗಿಡ ಸ್ವಲ್ಪ ಅಲುಗಾಡಬೇಕು. ಬೇಸಿಗೆಯಲ್ಲಿ ದಿನಾ ಚೂರು ನೀರು ಬೇಡ, ವಾರಕ್ಕೆ ಎರಡು ಸಲ ಹೊಟ್ಟೆ ತುಂಬ. ಎರಡು ಬೇಸಿಗೆ ದಾಟಿಸಿದರೆ ಆಮೇಲೆ ಅದರ ಪಾಡಿಗೆ ಅದು.

ಮಹಡಿ ಮನೆ, ರಾತ್ರಿ 9:20
ಆಯ್ತು, ಸೋತೆ. ಕ್ರಿಸ್‌ಮಸ್ ಟ್ರೀ ಒಂದು ನಮ್ಮ ವರಾಂಡದ ಕುಂಡಕ್ಕೆ. ಇನ್ನೊಂದರ ದುಡ್ಡಿಗೆ ಮುಳ್ಳುತಂತಿಯ ಕಾವಲು ಮಾಡಿಸುತ್ತೇನೆ, ಇಲ್ಲವಾದರೆ ಮೇಕೆಗಳೇ ತೀರ್ಮಾನ ಮಾಡುತ್ತವೆ. ನನ್ನದು ಒಂದೇ ಷರತ್ತು. ಎಲೆ ಗುಡಿಸಲು ಪಾಳಿ ಬರೆಯಿರಿ, ಅದರಲ್ಲಿ ನನ್ನ ಹೆಸರು ಮೊದಲು ಬರಬಾರದು.

ಕಾರ್ಯದರ್ಶಿ, 9:41
ಪಾಳಿ: ಸೋಮವಾರ ಪಾರ್ಕ್ ಎದುರು ಮನೆ, ಬುಧವಾರ ನಲ್ಲಿ ಮೂಲೆ ಮನೆ, ಶುಕ್ರವಾರ ನಾನು, ಭಾನುವಾರ ಮಹಡಿ ಮನೆ. ಮೊದಲು ಅಲ್ಲ, ಕೊನೆಗೆ. ಗುಂಡಿ ಕೆಲಸ ಭಾನುವಾರ ಆರು ಗಂಟೆಗೆ. ಹಾರೆ, ಗುದ್ದಲಿ ಇರುವವರು ತನ್ನಿ. ಮಂಡಕ್ಕಿ ಮೆಣಸಿನಕಾಯಿ ಸಂಘದ ಲೆಕ್ಕಕ್ಕೆ.

ನಲ್ಲಿ ಮೂಲೆ ಮನೆ, ಭಾನುವಾರ ಬೆಳಗ್ಗೆ 6:48
ಹೊಂಗೆ ಗುಂಡಿ ಎರಡಡಿಗೆ ಟಣ್ ಅಂತಿದೆ. ಹಾರೆ ಕೈಗೇ ವಾಪಸ್ ಹೊಡೆಯುತ್ತಿದೆ. ಮೇಷ್ಟ್ರೇ, ಎಷ್ಟು ಸರಿಸಬೇಕು?

ಮೇಷ್ಟ್ರು, 6:50
ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ, ಬಂದೆ. ಅಷ್ಟರಲ್ಲಿ ಮಂಡಕ್ಕಿ ಖಾಲಿ ಮಾಡಬೇಡಿ.