ಮಗಳ ನೆನಪಿನ 12 ಲಕ್ಷ: ಟ್ರಸ್ಟ್ ಮಾಡುವುದೋ, ಆಸ್ಪತ್ರೆಯ ಸಂಶೋಧನೆಗೆ ಕೊಡುವುದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ ತೀರಿಕೊಂಡ ಆರು ವರ್ಷದ ಹುಡುಗಿಯ ಹೆಸರಲ್ಲಿ ಅವಳ ಅಪ್ಪ ಅಮ್ಮ 12 ಲಕ್ಷ ರೂಪಾಯಿ ತೆಗೆದಿಟ್ಟಿದ್ದಾರೆ. ಅವರ ಪರವಾಗಿ ಕೇಳುತ್ತಿದ್ದೇನೆ. ಮಗುವಿನ ಜೀವ ಹೋದದ್ದು ಕೀಮೋ ನಡುವೆ ಬಂದ ಸೋಂಕಿನಿಂದ. ಹಾಗಾಗಿ ಹೊಸ ಔಷಧಿ ಹುಡುಕುವುದಕ್ಕಿಂತ, ಚಿಕಿತ್ಸೆ ನಡೆಯುವಾಗ ಮಕ್ಕಳನ್ನು ಉಳಿಸಿಕೊಳ್ಳುವ ಆರೈಕೆಯ ಸಂಶೋಧನೆಗೆ ಈ ಹಣ ಹೋಗಲಿ ಎಂದು ಅವರ ಆಸೆ.

ಸ್ವಂತ ಟ್ರಸ್ಟ್ ಬೇಕೇ? ದತ್ತಿನಿಧಿ ಇಟ್ಟು ಬಡ್ಡಿ ಬಳಸುವುದು ಒಳ್ಳೆಯದೇ? ಅಮೆರಿಕದ ಪೌರತ್ವ ಪಡೆದಿರುವ ಚಿಕ್ಕಪ್ಪನೂ ಹಣ ಕೊಡುತ್ತೇನೆ ಎನ್ನುತ್ತಿದ್ದಾರೆ, ಅದನ್ನು ಸೇರಿಸಬಹುದೇ?

ಉತ್ತರ 1: ಟ್ರಸ್ಟ್ ಲೆಕ್ಕಪತ್ರ ನೋಡುವವರು

ಈ ಮೊತ್ತಕ್ಕೆ ಟ್ರಸ್ಟ್ ಬೇಡ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಾಯಿಸುವುದು ಒಂದೆರಡು ದಿನದ ಕೆಲಸ. ಆಮೇಲೆ ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಅದರ ನವೀಕರಣ, ವರ್ಷ ವರ್ಷದ ರಿಟರ್ನ್ ಎಲ್ಲವೂ ಬೆನ್ನಿಗೆ ಬೀಳುತ್ತವೆ. ಮಗು ಕಳೆದುಕೊಂಡ ಮನೆಯವರ ಮೇಲೆ ಆ ಭಾರ ಹೊರಿಸಬೇಡಿ. ಆಗಲೇ ನೋಂದಣಿ ಇರುವ ಆಸ್ಪತ್ರೆಗೋ ಸಂಸ್ಥೆಗೋ ಕೊಟ್ಟು, ಯಾವುದಕ್ಕೆ ಬಳಸಬೇಕೆಂದು ಬರವಣಿಗೆಯಲ್ಲಿ ಕಟ್ಟಿಹಾಕಿ.

ದತ್ತಿಯ ಲೆಕ್ಕ ನೋಡಿ. 12 ಲಕ್ಷಕ್ಕೆ 7% ಬಡ್ಡಿ ಎಂದರೆ ವರ್ಷಕ್ಕೆ 84,000, ತಿಂಗಳಿಗೆ 7,000. ಬೆಲೆ ಏರಿಕೆಗೆಂದು ಸ್ವಲ್ಪ ಅಸಲಿಗೆ ಸೇರಿಸಿದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ಅದರಲ್ಲಿ ಒಂದು ಬಹುಮಾನ ಕೊಡಬಹುದು, ಸಂಶೋಧನೆ ನಡೆಯುವುದಿಲ್ಲ. ಅದಕ್ಕಿಂತ ಎರಡೂವರೆ ವರ್ಷದಲ್ಲಿ ಪೂರ್ತಿ ಖರ್ಚು ಮಾಡಿ ಒಂದು ಪ್ರಶ್ನೆಗೆ ಉತ್ತರ ಪಡೆಯುವುದೇ ಮೇಲು. ದತ್ತಿಯೇ ಬೇಕೆಂದರೆ "ಇದು ಮೂಲನಿಧಿಗೆ ಕೊಟ್ಟ ದೇಣಿಗೆ" ಎಂಬ ಪತ್ರ ಹಣದ ಜೊತೆಗೇ ಹೋಗಬೇಕು. ಇಲ್ಲದಿದ್ದರೆ ಸಂಸ್ಥೆ ಅದನ್ನು ಆ ವರ್ಷದ ಸಾಮಾನ್ಯ ಆದಾಯ ಎಂದು ಬರೆದುಕೊಳ್ಳುತ್ತದೆ.

ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 80ಜಿ ಎಂದು ನಾವು ಕರೆಯುತ್ತಿದ್ದ ರಿಯಾಯಿತಿ ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟದ್ದರ 50%, ಅದಕ್ಕೂ ಆದಾಯದ 10%ರ ಮಿತಿ ಇದೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಏನೂ ಸಿಗದು. ರಸೀದಿಯೊಂದೇ ಸಾಲದು, ಸಂಸ್ಥೆ ಇಲಾಖೆಗೆ ವಿವರ ಸಲ್ಲಿಸಿ ಕೊಡುವ ದೇಣಿಗೆ ಪ್ರಮಾಣಪತ್ರ ಕೇಳಿ ಪಡೆಯಿರಿ.

ಚಿಕ್ಕಪ್ಪನ ಹಣದಲ್ಲೇ ಹೆಚ್ಚಿನವರು ಎಡವುವುದು. ಬೇರೆ ದೇಶದ ಪೌರತ್ವ ಇದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಬೆಂಗಳೂರಿನ ಬ್ಯಾಂಕ್ ಖಾತೆಯಿಂದಲೇ ಕಳಿಸಿದರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಮ್ಮೆ ಬಂದ ಮೇಲೆ ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ. ಆದ್ದರಿಂದ ಸಂಶೋಧನೆ ನಡೆಸುವ ಸಂಸ್ಥೆಗೇ ಅವರು ನೇರವಾಗಿ ಕಳಿಸಲಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಈ ತೊಡಕಿಲ್ಲ.

ಉತ್ತರ 2: ಮಕ್ಕಳ ಕ್ಯಾನ್ಸರ್ ವಿಭಾಗದ ಸಂಶೋಧನಾ ಸಂಯೋಜಕರು

ಆ ತಂದೆ ತಾಯಿ ಸರಿಯಾದ ಜಾಗವನ್ನೇ ಮುಟ್ಟಿದ್ದಾರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 80%ಕ್ಕೂ ಹೆಚ್ಚು ಗುಣವಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಡೀ ಜಗತ್ತಿಗೆ ಹಾಕಿಕೊಂಡ ಗುರಿ 2030ಕ್ಕೆ 60%. ಲ್ಯುಕೇಮಿಯಾಕ್ಕೆ, ಅಂದರೆ ರಕ್ತದ ಕ್ಯಾನ್ಸರಿಗೆ, ಕೊಡುವ ಮುಖ್ಯ ಔಷಧಿಗಳು ಅಲ್ಲೂ ಇಲ್ಲೂ ಹೆಚ್ಚುಕಡಿಮೆ ಅವೇ. ನಮ್ಮಲ್ಲಿ ಮಕ್ಕಳು ಕೈತಪ್ಪುವುದು ಸೋಂಕಿನಲ್ಲಿ, ಅಪೌಷ್ಟಿಕತೆಯಲ್ಲಿ, ಅರ್ಧಕ್ಕೇ ನಿಂತ ಚಿಕಿತ್ಸೆಯಲ್ಲಿ.

12 ಲಕ್ಷಕ್ಕೆ ಹೊಂದುವ ಒಂದು ಅಧ್ಯಯನ ಹೇಳುತ್ತೇನೆ: ಜ್ವರ ಬಂದ ಮಗುವಿಗೆ ಮೊದಲ ಆಂಟಿಬಯಾಟಿಕ್ ಎಷ್ಟು ನಿಮಿಷಕ್ಕೆ ಸಿಗುತ್ತದೆ? ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳ ಎಣಿಕೆ 500ಕ್ಕಿಂತ ಕೆಳಗಿಳಿದಾಗ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಮಗುವನ್ನು ಕೆಡವಬಲ್ಲದು. ಆಸ್ಪತ್ರೆ ತಲುಪಿದ 60 ನಿಮಿಷದೊಳಗೆ ಔಷಧಿ ರಕ್ತನಾಳಕ್ಕೆ ಹೋಗಬೇಕೆಂಬುದು ಗುರಿ. ತಡವಾಗುವುದು ಸಣ್ಣ ಸಣ್ಣ ಕಡೆ: ಬಿಲ್ಲಿಂಗ್ ಕೌಂಟರಿನ ಸಾಲು, ರಕ್ತದ ವರದಿ ಬರಲೆಂದು ಕಾಯುವುದು, ರಾತ್ರಿ ಪಾಳಿಯಲ್ಲಿ ಐವಿ ಹಾಕುವವರು ಸಿಗದಿರುವುದು. ಅದಕ್ಕೂ ಮೊದಲು ಮನೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಹಣೆ ಮುಟ್ಟಿ ನೋಡಿ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯುತ್ತಾರೆ, ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ.

ಮೊದಲ ಆರು ತಿಂಗಳು ಬಂದ ಸಮಯ ಮತ್ತು ಮೊದಲ ಡೋಸಿನ ಸಮಯ, ಇವೆರಡನ್ನೇ ಬರೆದಿಡಬೇಕು. ಆಮೇಲೆ ಪ್ರತಿ ಮನೆಗೂ ಒಂದು ಡಿಜಿಟಲ್ ಥರ್ಮಾಮೀಟರ್, ಕನ್ನಡದ ಒಂದು ಜ್ವರದ ಕಾರ್ಡ್. ಅದರಲ್ಲಿ: 101 ಡಿಗ್ರಿ ಒಮ್ಮೆ ಬಂದರೂ, 100.4 ಒಂದು ಗಂಟೆ ನಿಂತರೂ ಕೂಡಲೇ ಹೊರಡಿ, ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಡಿ, ಅಲ್ಲಿ ಮಾತ್ರೆಯನ್ನೂ ಹಾಕಬೇಡಿ. ಹಿಂಬದಿಯಲ್ಲಿ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ನಾಲ್ಕು ಸಾಲು ಮತ್ತು ವಿಭಾಗದ ಫೋನ್ ನಂಬರ್. ಆಮೇಲೆ ಮತ್ತೆ ಅದೇ ಅಳತೆ.

ಅಂದಾಜು ಖರ್ಚು: ಸಂಶೋಧನಾ ನರ್ಸ್‌ಗೆ ತಿಂಗಳಿಗೆ 30,000ದಂತೆ 24 ತಿಂಗಳಿಗೆ 7,20,000. ಸಂಸ್ಥೆಯ ಆಡಳಿತ ವೆಚ್ಚ 10% ಎಂದರೆ 1,20,000. 150 ಮಕ್ಕಳಿಗೆ ಥರ್ಮಾಮೀಟರ್, ಕಾರ್ಡ್ ತಲಾ 300ರಂತೆ 45,000. ಅಂಕಿಅಂಶ ತಜ್ಞರಿಗೆ 1,00,000, ಫೋನ್ ಮತ್ತು ಓಡಾಟಕ್ಕೆ 60,000. ಉಳಿಯುವ 1,55,000ವನ್ನು ಮುಟ್ಟಬೇಡಿ. ಮಕ್ಕಳ ಸಂಖ್ಯೆ ತುಂಬುವುದು ತಡವಾದಾಗ ಅದೇ ಐದು ತಿಂಗಳ ಸಂಬಳ. ಯಂತ್ರ ಕೊಳ್ಳಲು ಒಪ್ಪಬೇಡಿ, ನಡೆಸುವ ಜನರಿಲ್ಲದೆ ಅದು ಮೂಲೆ ಸೇರುತ್ತದೆ.

ಅಧ್ಯಯನ ನೈತಿಕವಾಗಿ ಸರಿಯಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಗೆ ಬರುವ ಮುನ್ನ ನರ್ಸ್ ನೇಮಕ ಆಗಬಾರದು. ಕೆಲಸ ಶುರುವಾಗದೆ ಸಂಬಳ ಹರಿದುಹೋಗುವುದು ಅಲ್ಲೇ. ತಂದೆ ತಾಯಿಯ ಒಪ್ಪಿಗೆಯ ಜೊತೆ ಮಕ್ಕಳ ಒಪ್ಪಿಗೆಗೂ ಸಮಯ ಇಡಿ: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮದಂತೆ 7ರಿಂದ 12 ವರ್ಷದವರೆಗೆ ಬಾಯಿಮಾತಿನದು ಸಾಕು, ಅದರ ಮೇಲಿನವರದು ಬರವಣಿಗೆಯಲ್ಲಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ, ಇಬ್ಬರಿಗೂ. ಈ ಅಧ್ಯಯನದ ವಿಚಾರ ಅವರ ಮುಂದಿಡುತ್ತೇನೆ. ನಡೆಸುತ್ತಿರುವ ಡಾಕ್ಟರ್ ಮಧ್ಯದಲ್ಲಿ ಬೇರೆ ಕಡೆ ಹೋದರೆ? ಮಗುವಿನ ಹೆಸರು ಎಲ್ಲಿ ಬರುತ್ತದೆ?

ಉತ್ತರ 3: ಸಂಶೋಧನಾ ಒಪ್ಪಂದಗಳನ್ನು ಬರೆಯುವವರು

ಒಪ್ಪಂದ ಡಾಕ್ಟರ್ ಜೊತೆಗಲ್ಲ, ಸಂಸ್ಥೆಯ ಜೊತೆ. ಎರಡನೇ ಹೊಣೆಗಾರ ವೈದ್ಯರ ಹೆಸರೂ ಅದರಲ್ಲಿರಲಿ. ಹಣ ನಾಲ್ಕು ಕಂತಿನಲ್ಲಿ: ಕಮಿಟಿ ಒಪ್ಪಿಗೆಯ ಪ್ರತಿ ಬಂದಾಗ 3 ಲಕ್ಷ, ಆಮೇಲೆ ಪ್ರತಿ ಆರು ತಿಂಗಳ ಖರ್ಚುಪಟ್ಟಿ ನೋಡಿ ತಲಾ 3 ಲಕ್ಷ. ಅಧ್ಯಯನ ನಿಂತರೆ ಉಳಿದ ಹಣ ವಾಪಸ್ ಎಂದು ಬರೆಯಬೇಡಿ. ತೆರಿಗೆ ರಿಯಾಯಿತಿ ಪಡೆದ ದೇಣಿಗೆ ಹಿಂದಕ್ಕೆ ಬಂದರೆ ಇಬ್ಬರಿಗೂ ತೊಂದರೆ. "ಅದೇ ವಿಭಾಗದ ಮಕ್ಕಳ ಸೋಂಕು ತಡೆಗೆ ಬಳಸಬೇಕು" ಎಂದು ಈಗಲೇ ಪರ್ಯಾಯ ಬರೆದಿಡಿ. ಫಲಿತಾಂಶ ಏನೇ ಬಂದರೂ ಪ್ರಕಟಿಸಬೇಕು, ರೋಗಿಗಳ ದಾಖಲೆ ದಾನಿಗಳು ನೋಡುವಂತಿಲ್ಲ, ಇವೆರಡೂ ಇರಲಿ.

ಹೆಸರು ಪ್ರಬಂಧದ ಕೃತಜ್ಞತೆಯ ಸಾಲಿನಲ್ಲಿ ಬರುತ್ತದೆ. ಜ್ವರದ ಕಾರ್ಡಿನ ಕೆಳಗೂ ಹಾಕಬಹುದು. ಆದರೆ "ನೆನಪಿಗಾಗಿ" ಎಂಬ ಪದವಾಗಲಿ ಮಗುವಿನ ಫೋಟೋ ಆಗಲಿ ಕಾರ್ಡಿನಲ್ಲಿ ಬೇಡ. ಅದನ್ನು ಕೈಯಲ್ಲಿ ಹಿಡಿಯುವವರು ಜ್ವರ ಬಂದ ಮಗುವನ್ನು ಎತ್ತಿಕೊಂಡು ರಾತ್ರಿ ಬಸ್ಸು ಹತ್ತಿದ ಇನ್ನೊಬ್ಬ ತಾಯಿ. ಆ ಹುಡುಗಿಯ ಹೆಸರಷ್ಟೇ ಇರಲಿ, ಚೆಂದದ ಅಕ್ಷರದಲ್ಲಿ.