ಸರ್ಕಸ್ ಹುಟ್ಟಿದ್ದು ರೋಮಿನಲ್ಲಿ. ಅಲ್ಲ ಅನ್ನೋರು ಉತ್ತರ ಕೊಡಿ

ಮಾರ್ತಾಂಡ: ಸರ್ಕಸ್ ಇಂಗ್ಲೆಂಡಿನ ಕೊಡುಗೆ ಅಂತ ಎಲ್ಲರೂ ಬರೆಯುತ್ತಾರೆ. ರೋಮಿನ ಸರ್ಕಸ್ ಮ್ಯಾಕ್ಸಿಮಸ್ ಅನ್ನೋ ದೊಡ್ಡ ಕ್ರೀಡಾಂಗಣ ಎರಡು ಸಾವಿರ ವರ್ಷದ ಹಿಂದೆಯೇ ಇತ್ತು. ಲಕ್ಷಕ್ಕೂ ಜಾಸ್ತಿ ಜನ ಕೂತು ನೋಡುತ್ತಿದ್ದರು. ಇನ್ನೇನು ಬೇಕು?

ಶಾಲಿನಿ: ಅಲ್ಲಿ ಮುಖ್ಯವಾಗಿ ನಡೆಯುತ್ತಿದ್ದದ್ದು ರಥದ ಓಟ. ಅದು ಪಂದ್ಯ. ಈಗಿನ ಸರ್ಕಸ್ಸಿನ ಬುಡ ಇರೋದು 1768ರ ಲಂಡನ್ನಿನಲ್ಲಿ. ಸೈನ್ಯ ಬಿಟ್ಟು ಬಂದ ಫಿಲಿಪ್ ಆಸ್ಟ್ಲಿ ಬೆಳಿಗ್ಗೆ ಸವಾರಿ ಕಲಿಸುತ್ತಿದ್ದ, ಮಧ್ಯಾಹ್ನ ಓಡುವ ಕುದುರೆ ಮೇಲೆ ನಿಂತು ಆಟ ತೋರಿಸುತ್ತಿದ್ದ. ಎರಡೇ ವರ್ಷಕ್ಕೆ ಹಗ್ಗದ ಮೇಲೆ ನಡೆಯುವವರು, ಲಾಗ ಹಾಕುವವರು, ಜೋಕರ್ ಎಲ್ಲರನ್ನೂ ಸೇರಿಸಿದ. 42 ಅಡಿ ಅಗಲದ ರಿಂಗ್ ಅವನದ್ದೇ. ದುಂಡಗೆ ಓಡುವಾಗ ಕೇಂದ್ರಾಪಗಾಮಿ ಬಲ ಸವಾರನನ್ನು ಹಿಡಿದು ನಿಲ್ಲಿಸುತ್ತದೆ, ಅದೇ ಗುಟ್ಟು.

ಗಣಿತಪ್ರಿಯ: "ಹಿಡಿದು ನಿಲ್ಲಿಸುತ್ತದೆ" ಅನ್ನೋದು ತಪ್ಪು ಮೇಡಂ. ಆ ಬಲ ಹೊರಕ್ಕೆ ತಳ್ಳುತ್ತದೆ. ಸವಾರ ಒಳಕ್ಕೆ ವಾಲದಿದ್ದರೆ ಹೊರಗೆ ಬೀಳುತ್ತಾನೆ.

ಶಾಲಿನಿ: ಒಳಕ್ಕೆ ವಾಲುತ್ತಾನೆ, ಹೊರಗಿನ ತಳ್ಳಾಟ ಅವನನ್ನು ಬೀಳಲು ಬಿಡೋದಿಲ್ಲ. ನಾನು ಹೇಳಿದ್ದೂ ಅದೇ ಅಲ್ವಾ?

ಗಣಿತಪ್ರಿಯ: ಅಲ್ಲ. ಲೆಕ್ಕ ನೋಡಿ. ಸೆಕೆಂಡಿಗೆ 5 ಮೀಟರ್ ವೇಗ, ಸುಮಾರು ಆರೂವರೆ ಮೀಟರ್ ತ್ರಿಜ್ಯ. 20 ಡಿಗ್ರಿಗಿಂತ ಜಾಸ್ತಿ ವಾಲಬೇಕು. ಕುದುರೆಯೂ ವಾಲುತ್ತದೆ, ಹಾಗಾಗಿ ಅವನ ಪಾದ ಕುದುರೆ ಬೆನ್ನಿಗೆ ನೇರವಾಗಿ ಒತ್ತುತ್ತದೆ. ಇಬ್ಬರನ್ನೂ ತಿರುಗಿಸೋದು ಗೊರಸಿನ ಕೆಳಗಿನ ಘರ್ಷಣೆ. ಅದು ನಡುವಿನ ಕಡೆಗೆ ಎಳೆಯುವ ಕೇಂದ್ರಾಭಿಮುಖ ಬಲ, ಕೇಂದ್ರಾಪಗಾಮಿ ಅಲ್ಲ.

ಜೋಕಾಲಿ: "ಲೆಕ್ಕ ನೋಡಿ" ಅಂತೀರಿ, ರಿಂಗ್ ನೋಡಿದ್ದೀರಾ? ನಡುವೆ ನಿಂತವನ ಉದ್ದ ಚಾಟಿ ಕುದುರೆವರೆಗೆ ತಲುಪಬೇಕು. ರಿಂಗ್ ದೊಡ್ಡದಾದರೆ ಕುದುರೆ ಅವನ ಮಾತು ಕೇಳೋದಿಲ್ಲ. ಅಳತೆ ಬಂದದ್ದು ಕೆಲಸದಿಂದ.

ಗಣಿತಪ್ರಿಯ: ಚಾಟಿ ತಲುಪಿದ ಮಾತ್ರಕ್ಕೆ ಸವಾರ ನಿಲ್ಲೋದಿಲ್ಲ. ರಿಂಗ್ ಇನ್ನೂ ಚಿಕ್ಕದಾಗಿದ್ದರೆ ಅದೇ ವೇಗಕ್ಕೆ ಇನ್ನೂ ಜಾಸ್ತಿ ವಾಲಬೇಕಿತ್ತು. ಅದನ್ನು ಯಾಕೆ ಬಿಟ್ಟಿರಿ?

ಜೋಕಾಲಿ: ಯಾಕೆಂದರೆ ಕುದುರೆ ಪಳಗಿಸುವವರು ಡಿಗ್ರಿ ಅಳೆದು ಕೆಲಸ ಮಾಡೋದಿಲ್ಲ! ಅದೇ ಹದದ ಓಟ, ಅದೇ ದಾರಿ. ಕುದುರೆ ಹೆಜ್ಜೆ ತಪ್ಪಿದರೆ ಮೇಲಿರೋನು ನೆಲಕ್ಕೆ. ನಿಮ್ಮ ಸೂತ್ರದಲ್ಲಿ ಕುದುರೆಗೆ ಜೀವವೇ ಇಲ್ಲ.

ಗಣಿತಪ್ರಿಯ: ಸಿಟ್ಟು ಯಾಕೆ? ಸುಮ್ನೆ ಲೆಕ್ಕಕ್ಕೆ ಉತ್ತರ ಕೊಡಿ.

ಮಾರ್ತಾಂಡ: ನನ್ನ ಪ್ರಶ್ನೆಯನ್ನೇ ಎಲ್ಲರೂ ಮರೆತಿರಿ. ಶಾಲಿನಿಯವರೇ "ಎಲ್ಲರನ್ನೂ ಸೇರಿಸಿದ" ಅಂದರು. ಸೇರಿಸಿದ ಅಂದಮೇಲೆ ಆ ವಿದ್ಯೆಗಳು ಮೊದಲೇ ಇದ್ದವು. ಚೀನಾದ ಹಾನ್ ರಾಜವಂಶದ ಕಾಲದ, ಅಂದರೆ ಸುಮಾರು ಎರಡು ಸಾವಿರ ವರ್ಷ ಹಳೆಯ ಸಮಾಧಿ ಕಲ್ಲುಗಳಲ್ಲಿ ಹಗ್ಗದ ಮೇಲಿನ ಆಟ ಕೆತ್ತಿದ್ದಾರೆ. ಕುದುರೆ ಮೇಲೆ ನಿಲ್ಲೋದನ್ನೂ ಆಸ್ಟ್ಲಿಗಿಂತ ಮುಂಚೆ ಇಂಗ್ಲೆಂಡಿನ ಸವಾರ ಜೇಕಬ್ ಬೇಟ್ಸ್ ಯೂರೋಪಿನಲ್ಲಿ ತೋರಿಸಿದ್ದ.

ಶಾಲಿನಿ: ಮೊದಲು ರೋಮ್ ಅಂದಿರಿ, ಈಗ ಚೀನಾ. ಬಿಡಿ ಬಿಡಿ ಆಟಗಳು ಎಲ್ಲ ಕಡೆ ಇದ್ದವು. ಒಂದೇ ರಿಂಗಿನಲ್ಲಿ ಒಂದಾದಮೇಲೊಂದು ಕಟ್ಟಿ, ದುಡ್ಡು ಕೊಟ್ಟು ನೋಡೋ ಹಾಗೆ ಮಾಡಿದವನು ಆಸ್ಟ್ಲಿ.

ಜೋಕಾಲಿ: "ಒಂದೇ ರಿಂಗಿನಲ್ಲಿ" ಅಂತ ನೆಲವನ್ನೇ ನೋಡ್ತಾ ಕೂತರೆ ಹೇಗೆ? 1859ರಲ್ಲಿ ಪ್ಯಾರಿಸ್ಸಿನಲ್ಲಿ ಜೂಲ್ ಲಿಯೋಟಾರ್ಡ್ ಒಂದು ಟ್ರಪೀಜಿನಿಂದ, ಅಂದರೆ ಹಗ್ಗಕ್ಕೆ ಕಟ್ಟಿ ತೂಗುಬಿಟ್ಟ ಕೋಲಿನಿಂದ, ಇನ್ನೊಂದಕ್ಕೆ ಹಾರಿದ. ಕೈ ಬಿಟ್ಟು ಇನ್ನೊಂದು ಕೋಲು ಸಿಗೋವರೆಗೆ ಜನ ಉಸಿರು ಹಿಡಿಯುತ್ತಾರಲ್ಲ, ನನಗೆ ಸರ್ಕಸ್ ಅಂದರೆ ಅದು.

ಗಣಿತಪ್ರಿಯ: ಟ್ರಪೀಜ್ ಕೂಡ ಲೋಲಕವೇ. ರಿಂಗ್ 42 ಅಡಿಯೇ ಯಾಕೆ, ಇನ್ನೂ ಚಿಕ್ಕದು ಯಾಕಲ್ಲ ಅನ್ನೋ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.