ಉಡುಪಿಯಲ್ಲಿ ಮದುವೆ, ಬ್ಯಾಡಗಿಯಿಂದ ಬೀಗರು: ಎಲ್ಲಿಗೆ ಕರೆದುಕೊಂಡು ಹೋಗೋದು?

ಹುಡುಗಿಯ ಅಣ್ಣ ಕೇಳಿದ್ದು

ಏಪ್ರಿಲ್ ಕೊನೆಯ ಭಾನುವಾರ ಉಡುಪಿಯಲ್ಲಿ ತಂಗಿಯ ಮದುವೆ. ಹುಡುಗನ ಕಡೆಯವರು ಹಾವೇರಿ ಜಿಲ್ಲೆಯ ಬ್ಯಾಡಗಿಯವರು. ಶನಿವಾರ ಬೆಳಿಗ್ಗೆ ಒಂದು ಬಸ್ಸು ತುಂಬಾ ಬರುತ್ತಾರೆ, ಸೋಮವಾರ ರಾತ್ರಿ ಹೊರಡುತ್ತಾರೆ. ಕಲ್ಸಂಕದ ಹತ್ತಿರ ಉಳಿಯುವ ವ್ಯವಸ್ಥೆ. ಅಜ್ಜ ಅಜ್ಜಿಯರೂ ಇದ್ದಾರೆ, ಮಕ್ಕಳೂ ಇದ್ದಾರೆ. ಸಮುದ್ರ ನೋಡದವರೇ ಜಾಸ್ತಿ. ಅಪ್ಪ ಮಾತ್ರ ಕೊಲ್ಲೂರು, ಶೃಂಗೇರಿ, ಧರ್ಮಸ್ಥಳ ಮೂರನ್ನೂ ಸೋಮವಾರ ಒಂದೇ ದಿನ ತೋರಿಸೋಣ ಅನ್ನುತ್ತಿದ್ದಾರೆ. ಬೀಗರನ್ನು ಸುತ್ತಾಡಿಸಿ ಅನುಭವ ಇರುವವರು ಹೇಳಿ.

ಅಂಬಲಪಾಡಿಯಿಂದ

ಮೊದಲು ಅಪ್ಪನಿಗೆ ಸಮಾಧಾನ ಹೇಳಿ ಮಾರಾಯ್ರೆ. ಕೊಲ್ಲೂರು ಉತ್ತರಕ್ಕೆ, ಶೃಂಗೇರಿ ಘಟ್ಟದ ಮೇಲೆ, ಧರ್ಮಸ್ಥಳ ಇನ್ನೊಂದು ದಿಕ್ಕಿಗೆ. ದಿನವಿಡೀ ಬಸ್ಸಿನಲ್ಲೇ ಕೂತು, ಅದೇ ರಾತ್ರಿ ಮತ್ತೆ ಊರಿಗೆ ಬಸ್ಸು. ಅಜ್ಜಿಯರ ಮಂಡಿ ಏನಾಗಬೇಡ? ಹರಕೆ ಇದ್ದವರು ಊರಿಗೆ ಹೋಗುವ ದಾರಿಯಲ್ಲಿ ಕೊಲ್ಲೂರು ಮುಗಿಸಿಕೊಳ್ಳಲಿ, ಅದೇ ಸರಿ.

ನಾವು ನಮ್ಮ ಮನೆಯ ಮದುವೆಯಲ್ಲಿ ಮಾಡಿದ್ದು ಇಷ್ಟೇ. ಹತ್ತಿರದ ಜಾಗಗಳನ್ನು ಮಾತ್ರ ಇಟ್ಟುಕೊಂಡೆವು. ಬರುವವರು ಬರಲಿ, ಮಲಗುವವರು ಮಲಗಲಿ ಅಂತ ಬಿಟ್ಟೆವು. ಏಪ್ರಿಲ್‌ನಲ್ಲಿ ಇಲ್ಲಿ ಸೆಕೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರ ಕಡೆ ಬಿಸಿಲು ಒಣ ಬಿಸಿಲು. ಇಲ್ಲಿ ನೆರಳಲ್ಲಿ ಕೂತರೂ ಬೆವರು. ಹನ್ನೊಂದರಿಂದ ನಾಲ್ಕರವರೆಗೆ ಯಾವ ಕಾರ್ಯಕ್ರಮವನ್ನೂ ಇಡಬೇಡಿ. ಭಾನುವಾರ ಮದುವೆ ಊಟ ಮಾಡಿದ ಮೇಲಂತೂ ಯಾರನ್ನೂ ಎಬ್ಬಿಸಲಿಕ್ಕೆ ಹೋಗಬೇಡಿ.

ಮಲ್ಪೆ ಕಡೆಯವಳು

ಸಮುದ್ರ ನೋಡದವರಿದ್ದಾರೆ ಅಂದರೆ ಶನಿವಾರ ಸಂಜೆ ಐದಕ್ಕೆ ಸೀದಾ ಮಲ್ಪೆ. ಉಡುಪಿಯಿಂದ ಆರು ಕಿಲೋಮೀಟರ್ ಅಷ್ಟೇ, ಸಿಟಿ ಬಸ್ಸು ಬೇಕಾದಷ್ಟು ಉಂಟು. ಸೂರ್ಯ ಮುಳುಗುವವರೆಗೆ ಅಲ್ಲೇ ಇರಲಿ. ಆ ದಿನ ಬೇರೆ ಏನನ್ನೂ ಸೇರಿಸಬೇಡಿ. ಮೊದಲ ಸಲ ಸಮುದ್ರ ನೋಡುವವರನ್ನು ಅರ್ಧ ಗಂಟೆಯಲ್ಲಿ ಹೊರಡಿಸುವುದು ಪಾಪ ಅಲ್ವಾ? ಮಕ್ಕಳ ಹಿಂದೆ ಈಜು ಬರುವ ನಮ್ಮ ಕಡೆಯ ಇಬ್ಬರು ಹುಡುಗರು ಇರಲೇಬೇಕು. ಬದಲಿ ಬಟ್ಟೆ ತರಲು ಮೊದಲೇ ಹೇಳಿ. ಕಾಲು ಮಾತ್ರ ಒದ್ದೆ ಮಾಡ್ತೇವೆ ಅಂದವರೆಲ್ಲ ಸೊಂಟದವರೆಗೆ ನೆನೆದೇ ಬರುತ್ತಾರೆ.

ಸೇಂಟ್ ಮೇರಿಸ್ ದ್ವೀಪಕ್ಕೆ ಎಲ್ಲರನ್ನೂ ಕರೆದೊಯ್ಯಬೇಡಿ. ದೋಣಿ ಹತ್ತಿ ಇಳಿಯುವಾಗ ಅಲೆ ಇದ್ದರೆ ವಯಸ್ಸಾದವರಿಗೆ ಕಷ್ಟ. ಅಲ್ಲಿ ನೆರಳೂ ಕಡಿಮೆ. ಹರೆಯದವರು ಸೋಮವಾರ ಬೆಳಿಗ್ಗೆ ಮೊದಲ ದೋಣಿಗೆ ಹೋಗಿ ಬರಲಿ. ಅಲ್ಲಿನ ಕಂಬದಂಥ ಕಲ್ಲುಗಳು ಜ್ವಾಲಾಮುಖಿಯ ಲಾವಾ ತಣ್ಣಗಾಗಿ ಆದದ್ದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದ ಅನ್ನುವ ಕಥೆಯೂ ಉಂಟು. ಮಳೆಗಾಲದಲ್ಲಿ ದೋಣಿ ನಿಲ್ಲಿಸುತ್ತಾರೆ, ನಿಮಗೆ ಏಪ್ರಿಲ್ ಆದ್ದರಿಂದ ತೊಂದರೆ ಇಲ್ಲ.

ಕಟಪಾಡಿಯವನು

ಮಲ್ಪೆಯಲ್ಲಿ ಶನಿವಾರ ಜನ ಜಾಸ್ತಿ ಅನಿಸಿದರೆ ಕಾಪು. 1901ರ ದೀಪಸ್ತಂಭ, ಬಂಡೆಯ ಮೇಲೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ, ಬೇಗ ಹೋಗಿ.

ಕಾರ್ಕಳದಿಂದ, ನಿವೃತ್ತ ಮೇಷ್ಟ್ರು

ಸೋಮವಾರ ದ್ವೀಪಕ್ಕೆ ಹೋಗದವರನ್ನು ನಮ್ಮೂರಿಗೆ ಕಳುಹಿಸಿ. ಹೆಚ್ಚೆಂದರೆ ಒಂದು ಗಂಟೆಯ ದಾರಿ. 42 ಅಡಿಯ ಬಾಹುಬಲಿ, 1432ರಲ್ಲಿ ನಿಂತದ್ದು, ಒಂದೇ ಕಲ್ಲು. ಎದುರಿನ ಸಣ್ಣ ಗುಡ್ಡದ ಮೇಲೆ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು. ಬೆಟ್ಟದ ಬಂಡೆ ಹನ್ನೊಂದು ಗಂಟೆಗೇ ಕಾದಿರುತ್ತದೆ. ಬರಿಗಾಲಲ್ಲಿ ನಡೆಯಬೇಕಲ್ಲ, ಆದ್ದರಿಂದ ಎಂಟು ಗಂಟೆಗೆ ಅಲ್ಲಿರಿ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಅವರನ್ನು ವರಂಗಕ್ಕೆ ಕರೆದುಕೊಂಡು ಹೋಗಿ. ಕೆರೆಯ ನಡುವೆ ಬಸದಿ, ಸಣ್ಣ ದೋಣಿಯಲ್ಲಿ ದಾಟುವುದು. ಸುತ್ತ ಗದ್ದೆ, ಹಿಂದೆ ಘಟ್ಟ. ನನ್ನ ಕೇಳಿದರೆ ಬಾಹುಬಲಿಗಿಂತ ವರಂಗವೇ ಒಂದು ಕೈ ಮೇಲು, ನಮ್ಮೂರಿನವರು ಬೈದರೂ ಸರಿ.

ಮಣಿಪಾಲದಿಂದ

ಹಳೇ ಮನೆಗಳಲ್ಲಿ ಆಸಕ್ತಿ ಇರುವ ಹಿರಿಯರಿದ್ದರೆ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಕರಾವಳಿಯದಷ್ಟೇ ಅಲ್ಲ, ಮುಧೋಳ ಅರಮನೆಯ ದರ್ಬಾರು ಕೂಡ ಅಲ್ಲಿದೆ. ತೆರೆದಿರುವ ದಿನ, ಸಮಯ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಭಾನುವಾರ ರಾತ್ರಿ ನಿದ್ದೆ ಬಾರದ ಹುಡುಗರಿಗೆ ಯಕ್ಷಗಾನ. ಏಪ್ರಿಲ್‌ನಲ್ಲಿ ಮೇಳಗಳ ತಿರುಗಾಟ ಇನ್ನೂ ಮುಗಿದಿರುವುದಿಲ್ಲ. ಎಲ್ಲಿ ಆಟ ಅಂತ ಆ ದಿನದ ಪೇಪರಿನಲ್ಲೇ ಹಾಕುತ್ತಾರೆ. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ. ಬೆಳಗಿನವರೆಗೆ ಕೂರಲಾಗದು ಅನ್ನುವವರಿಗೆ ಕಾಲಮಿತಿ ಆಟ ಹುಡುಕಿ, ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತದೆ.

ಹಾನಗಲ್ಲಿನ ಮಗಳು, ಉಡುಪಿಯ ಸೊಸೆ

ಅಣ್ಣಾ, ಎಲ್ಲರೂ ಸಮುದ್ರ ಸಮುದ್ರ ಅಂದರು. ನಾನು ಆ ಕಡೆಯವಳು, ಹೇಳ್ತೀನಿ ಕೇಳಿ. ಕನಕದಾಸರ ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲೇ. ಕನಕನ ಕಿಂಡಿಯ ಕಥೆ ಕೇಳಿ ಬೆಳೆದ ಹಿರಿಯರಿಗೆ ಆ ಕಿಂಡಿಯ ಮುಂದೆ ನಿಲ್ಲುವುದು ಬಾಹುಬಲಿ, ದ್ವೀಪ ಎಲ್ಲಕ್ಕಿಂತ ದೊಡ್ಡದು. ಶನಿವಾರ ಬಂದು ಸ್ನಾನ ತಿಂಡಿ ಮುಗಿಸಿದ ಕೂಡಲೇ ಕೃಷ್ಣ ಮಠಕ್ಕೆ ಕರೆದುಕೊಂಡು ಹೋಗಿ. ಮೊದಲು ಚಂದ್ರಮೌಳೀಶ್ವರ, ಅನಂತೇಶ್ವರ, ಆಮೇಲೆ ಕೃಷ್ಣ, ಅದು ಇಲ್ಲಿನ ಕ್ರಮ. ಗಂಡಸರು ಒಳಗೆ ಅಂಗಿ ತೆಗೆಯಬೇಕಾಗುತ್ತದೆ ಅಂತ ಮೊದಲೇ ತಿಳಿಸಿ, ಬಾಗಿಲಲ್ಲಿ ಹೇಳಿದರೆ ಮುಜುಗರ ಪಡುತ್ತಾರೆ. ದರ್ಶನ ಮುಗಿಸಿ ರಥಬೀದಿಯಲ್ಲಿ ಸುಮ್ನೆ ಒಂದು ಸುತ್ತು ಬನ್ನಿ. ಎಂಟು ಮಠಗಳೂ ಅಲ್ಲೇ ಸುತ್ತಮುತ್ತ ಇವೆ. ಹತ್ತಿರದಲ್ಲೇ ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ, ಮಕ್ಕಳಿಗೆ ಗಡ್ಬಡ್ ಐಸ್‌ಕ್ರೀಂ.

ಊಟದ ಬಗ್ಗೆ ಒಂದು ಮಾತು. ಕುಚ್ಚಲಕ್ಕಿ ಅನ್ನ ಮೊದಲ ದಿನವೇ ಬಡಿಸಬೇಡಿ, ಬೆಳ್ತಿಗೆಯ ಬಿಳಿ ಅನ್ನವೂ ಇರಲಿ. ಎರಡನೇ ದಿನಕ್ಕೆ ನಮ್ಮವರು ರೊಟ್ಟಿ ನೆನೆಯಲು ಶುರು ಮಾಡುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಅವರೇ ಗಂಟು ಕಟ್ಟಿಕೊಂಡು ಬರುತ್ತಾರೆ ಬಿಡಿ, ನೀವು ಮೊಸರು ಇಟ್ಟರೆ ಸಾಕು. ನಿಮ್ಮ ಸಾರಿನ ಕೆಂಪು ಬಣ್ಣ ನಮ್ಮೂರಿನ ಮೆಣಸಿನಕಾಯಿಯದು ಅಂತ ಯಾರಾದರೂ ಹಿರಿಯರು ಖಂಡಿತ ಹೇಳುತ್ತಾರೆ. ಹೌದು ಅನ್ನಿ, ನಿಜವೇ ತಾನೆ?

ಹುಡುಗಿಯ ಅಣ್ಣ

ಅಕ್ಕಾ, ಮಠ ಶನಿವಾರ ಬೆಳಿಗ್ಗೆಗೇ ಇಟ್ಟೆ. ಸಂಜೆ ಮಲ್ಪೆ. ಸೋಮವಾರ ಎರಡು ಗುಂಪು, ಹುಡುಗರು ದ್ವೀಪ, ಉಳಿದವರು ವರಂಗ. ಮೇಷ್ಟ್ರೇ, ಕ್ಷಮಿಸಿ, ಬಾಹುಬಲಿ ಬಿಟ್ಟೆ. ಅಪ್ಪ ಇನ್ನೂ ಶೃಂಗೇರಿ ಬಿಟ್ಟಿಲ್ಲ. ಬ್ಯಾಡಗಿಯ ದೊಡ್ಡ ಬಸ್ಸು ರಥಬೀದಿಯವರೆಗೆ ಹೋಗುತ್ತದಾ?

ಅಂಬಲಪಾಡಿಯಿಂದ

ಇಲ್ಲ. ರಾಜಾಂಗಣದ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಅಲ್ಲಿಂದ ನಡೆದರೆ ಐದು ನಿಮಿಷ. ನಡೆಯಲಾಗದವರನ್ನು ಕಲ್ಸಂಕದಿಂದಲೇ ರಿಕ್ಷಾದಲ್ಲಿ ಕಳುಹಿಸಿ. ಶೃಂಗೇರಿಗೆ ಅಪ್ಪನನ್ನು ಮದುವೆ ಗಲಾಟೆ ಮುಗಿದ ಮೇಲೆ ನೀವೇ ಕರೆದುಕೊಂಡು ಹೋಗಿ.